ಶಿವಮೊಗ್ಗಕ್ಕೆ ಲೈಟ್ ರೈಲು ಬೇಕಾ, ಮನೆಗೆ ಎರಡನೇ ಕಾರು ಬೇಕಾ?

ಪ್ರಶ್ನೆ: ನಮ್ಮ ಮನೆ ಭದ್ರಾವತಿ. ನನ್ನ ಆಫೀಸು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ದಿನಾ ಕಾರಿನಲ್ಲೇ ಓಡಾಟ. ಮಗಳು ಈ ವರ್ಷ ನವುಲೆ ಕಡೆ ಕಾಲೇಜಿಗೆ ಸೇರಿದ್ದಾಳೆ. ಅವಳ ಟೈಮಿಗೂ ನನ್ನ ಟೈಮಿಗೂ ಹೊಂದುವುದಿಲ್ಲ. ಇನ್ನೊಂದು ಸಣ್ಣ ಕಾರು ತೆಗೆದುಕೊಳ್ಳೋಣ ಅಂತಿದ್ದೇನೆ. ಅವಳು "ಕಾರು ಬೇಡ ಅಪ್ಪ, ನಮ್ಮೂರಿಗೂ ಲೈಟ್ ರೈಲು ಬೇಕು ಅಂತ ಕೇಳಬೇಕು" ಅನ್ನುತ್ತಾಳೆ. ಆಫೀಸಿನವರು "ರೈಲು ದುಡ್ಡು ದಂಡ, ರಸ್ತೆ ಅಗಲ ಮಾಡಿದರೆ ಸಾಕು" ಅನ್ನುತ್ತಾರೆ. ಯಾರ ಮಾತು ಸರಿ? ಕಾರು ತಗೊಳ್ಳಲಾ, ಬೇಡವಾ?

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿ. ಅವಳು ಕೇಳುತ್ತಿರುವ ಹಳಿ ಆಗಲೇ ಇದೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಆ ಹಳಿ ನಿಮ್ಮ ಭದ್ರಾವತಿಯನ್ನು ಮುಟ್ಟಿಕೊಂಡು, ವಿದ್ಯಾನಗರದ ಪಕ್ಕದಲ್ಲಿ ಬಂದು, ತುಂಗಾ ಹೊಳೆ ದಾಟಿ, ಶಿವಮೊಗ್ಗ ಊರ ನಡುವೆಯೇ ಹಾಯ್ದು, ಕುಂಸಿ, ಆನಂದಪುರ, ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುತ್ತದೆ. ದೊಡ್ಡ ದೊಡ್ಡ ಊರುಗಳು ಸಾವಿರಾರು ಕೋಟಿ ಸುರಿದು ಇಂಥದ್ದೊಂದು ದಾರಿಯನ್ನು ಬಿಡಿಸಿಕೊಳ್ಳುತ್ತವೆ. ನಮಗೆ ಅದು ಅಜ್ಜಂದಿರ ಕಾಲದಿಂದ ಬಂದಿದೆ. ಅದರ ಮೇಲೆ ಬೆಂಗಳೂರು, ಮೈಸೂರಿನ ರೈಲು ಓಡುತ್ತವೆ. ಆಫೀಸು, ಕಾಲೇಜಿನ ಹೊತ್ತಿಗೆ ಅರ್ಧ ಗಂಟೆಗೊಂದು ಓಡುವ ಲೋಕಲ್ ರೈಲು ಮಾತ್ರ ಇಲ್ಲ.

ಹಾಗಾಗಿ ನನ್ನ ಉತ್ತರ ಇದು. ಹೊಸ ಲೈಟ್ ರೈಲು, ಅಂದರೆ ರಸ್ತೆ ಮಟ್ಟದ ಹಳಿಯಲ್ಲಿ ಓಡುವ ಸಣ್ಣ ರೈಲು, ಶಿವಮೊಗ್ಗಕ್ಕೆ ಈಗ ಬೇಡ. ರಸ್ತೆ ಅಗಲ ಮಾಡುತ್ತಾ ಹೋಗುವುದೂ ಬೇಡ. ಇರುವ ಹಳಿ ಮತ್ತು ಬಸ್ಸು, ಇವೆರಡನ್ನೂ ಜನ ನಂಬುವ ಹಾಗೆ ಓಡಿಸಿದರೆ ನಿಮ್ಮ ಮನೆಯ ಎರಡನೇ ಕಾರಿನ ಅವಶ್ಯಕತೆ ತಾನಾಗಿಯೇ ಕಡಿಮೆಯಾಗುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸಾರಿಗೆ ಯೋಜನೆಯ ಕೆಲಸದಲ್ಲೇ ತಲೆ ನರೆತವನು ನಾನು. ಈ ವಿಷಯ ನನಗೆ ಬರೀ ಲೆಕ್ಕವಲ್ಲ.

ಲೈಟ್ ರೈಲು ಅಂದರೆ ರಸ್ತೆ ಮೇಲಿನ ಹಳಿಯಲ್ಲಿ ಓಡುತ್ತಿದ್ದ ಹಳೇ ಟ್ರಾಮ್‌ನ ಮೊಮ್ಮಗ. ಕೋಲ್ಕತ್ತದಲ್ಲಿ 1873ರಲ್ಲಿ ಕುದುರೆ ಕಟ್ಟಿ ಎಳೆಸಿದ ಟ್ರಾಮ್ ಶುರುವಾಯಿತು, 1902ರಲ್ಲಿ ಅಲ್ಲಿ ಕರೆಂಟಿನ ಟ್ರಾಮ್ ಬಂತು. ಚೆನ್ನೈಯಲ್ಲಿ 1953ರ ತನಕ, ಮುಂಬೈಯಲ್ಲಿ 1964ರ ತನಕ ಟ್ರಾಮ್ ಓಡಿತು. ಕಾರು, ಬಸ್ಸಿಗೆ ದಾರಿ ಬಿಡಬೇಕು ಅಂತ ಹಳಿ ಕಿತ್ತರು. ಈಗ ಅದೇ ಕಲ್ಪನೆ ಹೊಸ ರೂಪದಲ್ಲಿ ತಿರುಗಿ ಬಂದಿದೆ. ಎರಡು ಮೂರು ಬೋಗಿ, ತಗ್ಗು ನೆಲ, ಸುಮಾರು 300 ಜನ ಹಿಡಿಸುವ ಗಾಡಿ. ರಸ್ತೆ ಮಟ್ಟದಲ್ಲೇ ಹಳಿ, ಆದರೆ ಬೇರೆ ವಾಹನ ಅದರ ಮೇಲೆ ಬರುವಂತಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಮೆಟ್ರೋಲೈಟ್ ಅಂತ ಹೆಸರಿಟ್ಟು ನಿಯಮ ತಂದಿತು. ಒಂದು ದಿಕ್ಕಿಗೆ ಗಂಟೆಗೆ 15,000 ಜನರ ತನಕ ಓಡಾಟ ಇರುವ ದಾರಿಗೆ ಇದು ಸರಿಹೋಗುತ್ತದೆ. ದೊಡ್ಡ ಮೆಟ್ರೋಗೆ ಆಗುವುದರ ಅರ್ಧಕ್ಕಿಂತ ಕಡಿಮೆ ಖರ್ಚು. ಅಂದರೂ ಕಿಲೋಮೀಟರಿಗೆ ನೂರು ಕೋಟಿ ರೂಪಾಯಿಗೂ ಮೇಲೆ.

ಇದರ ಬಲ ಎಲ್ಲಿದೆ ಅಂತ ನೋಡೋಣ. ರಸ್ತೆಯ ಒಂದು ಲೇನ್ ತಗೊಳ್ಳಿ, ಮೂರೂವರೆ ಮೀಟರ್ ಅಗಲ. ಸಿಗ್ನಲ್ಲಿನಲ್ಲಿ ಅರ್ಧ ಹೊತ್ತು ಹಸಿರು ಸಿಕ್ಕರೆ, ಗಂಟೆಗೆ ಹೆಚ್ಚೆಂದರೆ 900 ಕಾರು ದಾಟಬಹುದು. ಕಾರಿಗೆ ಒಂದೂವರೆ ಜನ ಅಂತ ಹಿಡಿದರೂ 1,350 ಜನ. ಅದೇ ಲೇನನ್ನು ಬಸ್ಸಿಗೆ ಬಿಟ್ಟು, ನಿಮಿಷಕ್ಕೊಂದು ಬಸ್, ಬಸ್ಸಿಗೆ 60 ಜನ ಅಂದರೆ 3,600. ಮೂರು ನಿಮಿಷಕ್ಕೊಂದು ಲೈಟ್ ರೈಲು ಅಂದರೆ 6,000. ಜಾಗ ಅಷ್ಟೇ. ಅದರೊಳಗೆ ಎಷ್ಟು ಜನ ದಾಟುತ್ತಾರೆ ಅನ್ನುವುದೇ ಈ ಇಡೀ ಜಗಳದ ಬೇರು. ಕಾರು ಎಲೆಕ್ಟ್ರಿಕ್ ಆದರೆ ಹೊಗೆ ಹೋಗುತ್ತದೆ, ಜಾಗ ಉಳಿಯುವುದಿಲ್ಲ.

ಈಗ ನಮ್ಮೂರಿನ ಲೆಕ್ಕ. 2011ರ ಜನಗಣತಿಯಲ್ಲಿ ಶಿವಮೊಗ್ಗದಲ್ಲಿ 3.22 ಲಕ್ಷ ಜನ, ಭದ್ರಾವತಿಯಲ್ಲಿ 1.5 ಲಕ್ಷ. ಎರಡೂ ಸೇರಿ ಐದು ಲಕ್ಷ ಇರಲಿಲ್ಲ. ಆಮೇಲೆ ಬೆಳೆದಿದೆ, ನಿಜ. ಆದರೂ ಬೆಳಗಿನ ಒಂದು ಗಂಟೆಯಲ್ಲಿ ಒಂದೇ ದಿಕ್ಕಿಗೆ, ಒಂದೇ ದಾರಿಯಲ್ಲಿ ಐದಾರು ಸಾವಿರ ಜನ ಸಾಗುವಂಥ ಊರು ನಮ್ಮದಲ್ಲ. ಊರಿನ ಮುಖ್ಯ ದಾರಿಯಾದ ಬಿ.ಎಚ್. ರಸ್ತೆಯಲ್ಲಿ ಎರಡು ನಿಮಿಷಕ್ಕೊಂದು ಬಸ್ ಬಿಟ್ಟರೆ ಗಂಟೆಗೆ 1,800 ಜನ ಹೋಗಬಹುದು. ಅಷ್ಟು ನೆಟ್ಟಗೆ ಓಡಿದರೆ ಸದ್ಯಕ್ಕೆ ಸಾಕು ಅನ್ನುವುದು ನನ್ನ ಅಂದಾಜು. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಕೋಟಿ, ಒಂದೂವರೆ ಕೋಟಿ ಬೀಳುತ್ತದೆ. ಅಂದರೆ ಒಂದೇ ಒಂದು ಕಿಲೋಮೀಟರ್ ಲೈಟ್ ರೈಲಿನ ದುಡ್ಡಿನಲ್ಲಿ ಅರವತ್ತಕ್ಕೂ ಜಾಸ್ತಿ ಬಸ್ಸು. ಶಿವಮೊಗ್ಗದಂಥ ಊರಿಗೆ ಅರವತ್ತು ಹೊಸ ಬಸ್ಸು ಅಂದರೆ ಏನು ಅಂತ ನೀವೇ ಊಹಿಸಿ.

ಇಷ್ಟು ಹೇಳಿದ ಕೂಡಲೇ ನಿಮ್ಮ ಆಫೀಸಿನವರು "ನಾವು ಹೇಳಿದ್ದೂ ಅದೇ ಅಲ್ವಾ" ಅನ್ನಬಹುದು. ಅಲ್ಲ. ರಸ್ತೆ ಅಗಲ ಮಾಡಿದರೆ ಸಾಕು ಅನ್ನುವುದು ಇನ್ನೂ ದೊಡ್ಡ ತಪ್ಪು ಲೆಕ್ಕ. ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ಬಿಡಿಸಿ ಬರೆದರು. ರಸ್ತೆ ಅಗಲವಾದ ಕೂಡಲೇ, ಇಷ್ಟು ದಿನ ಬೇರೆ ದಾರಿ ಹಿಡಿಯುತ್ತಿದ್ದವರು ಈ ದಾರಿಗೆ ಬರುತ್ತಾರೆ. ಬೇರೆ ಹೊತ್ತಿಗೆ ಹೊರಡುತ್ತಿದ್ದವರು ಈ ಹೊತ್ತಿಗೇ ಹೊರಡುತ್ತಾರೆ. ಬಸ್ಸಿನಲ್ಲಿದ್ದವರು ಗಾಡಿ ತೆಗೆಯುತ್ತಾರೆ. ಸ್ವಲ್ಪ ದಿನದಲ್ಲಿ ಮೊದಲಿನಷ್ಟೇ ಇಕ್ಕಟ್ಟು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ. ಅಗಲ ಮಾಡುವ ಕೆಲಸ 2008ರಲ್ಲಿ ಮುಗಿದಾಗ ಕೆಲವು ಕಡೆ, ಪಕ್ಕದ ರಸ್ತೆಯೂ ಸೇರಿ, 26 ಲೇನ್ ಆಗಿತ್ತು. ಕೆಲವೇ ವರ್ಷದಲ್ಲಿ ಜನ ಜಾಸ್ತಿ ಓಡಾಡುವ ಹೊತ್ತಿನ ಪ್ರಯಾಣ ಮೊದಲಿಗಿಂತಲೂ ನಿಧಾನವಾಯಿತು. ಅಷ್ಟು ಬಯಲು ಇದ್ದವರಿಗೇ ಆಗಲಿಲ್ಲ. ಗಾಂಧಿ ಬಜಾರಿನಲ್ಲಿ, ದುರ್ಗಿಗುಡಿಯಲ್ಲಿ ನಾವು ಯಾರ ಅಂಗಡಿ ಕೆಡವೋಣ?

ಕಳೆದ ಮಳೆಗಾಲದ ಒಂದು ಸಂಜೆ ಹೇಳುತ್ತೇನೆ. ಅಮೀರ್ ಅಹ್ಮದ್ ಸರ್ಕಲ್ ಹತ್ತಿರ ನಾನು ಸಿಟಿ ಬಸ್ಸಿನಲ್ಲಿದ್ದೆ. ಕೂತವರು, ನಿಂತವರು ಸೇರಿ ಐವತ್ತರ ಮೇಲೆ ಇದ್ದೆವು. ಮುಂದೆ ಒಂದು ಕಾರು, ನಿಲ್ಲಿಸಿದ ಕಾರುಗಳ ಸಾಲಿನ ಪಕ್ಕದಲ್ಲಿ ಎರಡನೇ ಸಾಲಾಗಿ ನಿಂತಿತ್ತು. ನಾಲ್ಕೂ ಲೈಟು ಮಿಣಕ್ ಮಿಣಕ್ ಅಂತಿದ್ದವು. ಒಳಗೆ ಯಾರೂ ಇಲ್ಲ. ಡ್ರೈವರ್ ಹಾರ್ನ್ ಹೊಡೆದರು, ಕಂಡಕ್ಟರ್ ಮಳೆಯಲ್ಲೇ ಇಳಿದು ಹೋಗಿ ನೋಡಿದರು. ಕಾರಿನವರು ಮೆಡಿಕಲ್ ಶಾಪಿನಿಂದ ಓಡೋಡಿ ಬಂದರು. ಪಾಪ, ಅವರಿಗೂ ಅವಸರವೇ. ಎಲ್ಲಾ ಸೇರಿ ಎರಡು ನಿಮಿಷ ಆಗಿರಬಹುದು. ಆದರೆ ಐವತ್ತು ಜನರ ಎರಡೆರಡು ನಿಮಿಷ ಅಂದರೆ ನೂರು ನಿಮಿಷ. ಒಬ್ಬರ ಕಾರು ನಿಲ್ಲಿಸೋಕೆ ಆದ ಬೆಲೆ ಅದು. ಇದನ್ನು ಯಾರೂ ಯಾವ ಖಾತೆಯಲ್ಲೂ ಬರೆಯುವುದಿಲ್ಲ.

ರೈಲಿಗೆ, ಬಸ್ಸಿಗೆ ಸರ್ಕಾರ ದುಡ್ಡು ಹಾಕಬೇಕು ಅಂದಾಗ "ಸಬ್ಸಿಡಿ" ಅಂತ ಬೇಸರ ಮಾಡಿಕೊಳ್ಳುತ್ತೇವೆ. ಕಾರಿಗೆ ಕೊಡುವುದು ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಕಾರು ನಿಲ್ಲಿಸೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಸುಮಾರು 135 ಚದರಡಿ. ದುರ್ಗಿಗುಡಿಯಲ್ಲಿ ಅಷ್ಟೇ ಜಾಗದಲ್ಲಿ ಒಂದು ಬಟ್ಟೆ ಅಂಗಡಿ ನಡೆಯುತ್ತದೆ. ಅಂಗಡಿಯವರು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆ, ಅಡ್ವಾನ್ಸ್ ಕೊಟ್ಟಿರುತ್ತಾರೆ. ಅದರ ಮುಂದೆ ಅಷ್ಟೇ ಜಾಗದಲ್ಲಿ ಬೆಳಗಿನಿಂದ ಸಂಜೆ ತನಕ ಕಾರು ಸುಮ್ನೆ ನಿಂತಿರುತ್ತದೆ. ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ. ಕಾರು ಕೊಳ್ಳಬೇಕಾದರೆ ಅದನ್ನು ನಿಲ್ಲಿಸೋಕೆ ನಿಮ್ಮದೇ ಜಾಗ ಇದೆ ಅಂತ ತೋರಿಸಬೇಕು. ನಮ್ಮ ವಿನೋಬನಗರ, ಗೋಪಾಳದ ಅಡ್ಡರಸ್ತೆಗಳಲ್ಲಿ ರಾತ್ರಿ ಒಂದು ಸುತ್ತು ನಡೆದರೆ ಅಂಥ ನಿಯಮ ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಹೊರದೇಶದ ಚರ್ಚೆಯಲ್ಲಿ ಕಾರು ಒಂದು ಕಡೆ, ರೈಲು ಇನ್ನೊಂದು ಕಡೆ. ನಮ್ಮಲ್ಲಿ ನಡುವೆ ಬೈಕು, ಸ್ಕೂಟಿ ಇವೆ. ಶಿವಮೊಗ್ಗ ಇನ್ನೂ ಪೂರ್ತಿ ಕಟ್ಟಿಕೊಂಡಿಲ್ಲ ಅಂದರೆ ಅದಕ್ಕೆ ದ್ವಿಚಕ್ರವೇ ಕಾರಣ. ಕಾರಿನ ಅರ್ಧ ಜಾಗವೂ ಅದಕ್ಕೆ ಬೇಡ. ಆದರೆ ಅಪಘಾತ ಆದಾಗ ಪೆಟ್ಟು ತಿನ್ನುವವರೂ ಅವರೇ. ಮಳೆಗೆ ತೋಯುವವರೂ ಅವರೇ. ಬೈಕಿನವರು ಸ್ವಲ್ಪ ಅನುಕೂಲ ಆದ ಕೂಡಲೇ ಕಾರಿಗೆ ಹೋಗುತ್ತಾರೆ. ಅವರಲ್ಲಿ ಕಾಲು ಭಾಗ ಹೋದರೂ ನಮ್ಮ ರಸ್ತೆ ತಡೆದುಕೊಳ್ಳುವುದಿಲ್ಲ. ನಿಜವಾದ ಪೈಪೋಟಿ ಅಲ್ಲಿದೆ. ಬೈಕಿನವರ ಮುಂದಿನ ಹೆಜ್ಜೆ ಕಾರಾಗಬೇಕಾ, ಒಳ್ಳೇ ಬಸ್ಸಾಗಬೇಕಾ?

ಕಾರಿನ ಪರವಾಗಿಯೂ ಮನಸ್ಸಿನಿಂದ ಹೇಳಬೇಕಾದ್ದಿದೆ. ಮಲೆನಾಡಿನಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಹೋದರೆ ಒಂದು ತೋಟ, ಒಂದು ಮನೆ, ಆಮೇಲೆ ಗುಡ್ಡ, ಆಮೇಲೆ ಇನ್ನೊಂದು ಮನೆ. ಬಸ್ಸು ಬರುವ ರಸ್ತೆಗೇ ಎರಡು ಮೈಲಿ ನಡೆಯಬೇಕು. ಆಷಾಢದ ಮಳೆಯಲ್ಲಿ, ರಾತ್ರಿ ಹೊತ್ತಿನಲ್ಲಿ, ಎದೆನೋವು ಅಂದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತರೋಕೆ ಕಾರೋ ಜೀಪೋ ಬೇಕೇ ಬೇಕು. ಅಲ್ಲಿ ಅದು ಷೋಕಿಯಲ್ಲ. ರೈಲಿಗೆ ಜನ ಒತ್ತಾಗಿ ಇರಬೇಕು, ನೆಲ ಸಮ ಇರಬೇಕು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿ ಬಹಳ ಸಲೀಸಾಗಿ ಉರುಳುತ್ತದೆ, ಅದಕ್ಕೇ ಕರೆಂಟು ಕಡಿಮೆ ಸಾಕು. ಆದರೆ ಅದೇ ನುಣುಪು ಏರಿನಲ್ಲಿ ಜಾರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಟ್ರಾಮ್ ಹತ್ತುವುದಿಲ್ಲ. ಹಳ್ಳಿಯ ಕಾರನ್ನು ದೂರುವುದರಲ್ಲಿ ಅರ್ಥವಿಲ್ಲ. ಆ ಕಾರು ಊರ ಅಂಚಿನ ತನಕ ಬಂದು, ಆಲ್ಕೊಳದಲ್ಲೋ ಮಲವಗೊಪ್ಪದಲ್ಲೋ ನೆರಳಿನಲ್ಲಿ ನಿಂತು, ಅಲ್ಲಿಂದ ಹತ್ತು ನಿಮಿಷಕ್ಕೊಂದು ಬಸ್ಸು ಸಿಕ್ಕರೆ ಗಾಂಧಿ ಬಜಾರಿಗೆ ಕಾರು ತರುವ ಕಷ್ಟ ಯಾರಿಗೆ ಬೇಕು?

ಈಗ ನನಗೆ ತುಂಬಾ ಇಷ್ಟವಾದ ಎರಡು ಊರುಗಳ ಕಥೆ. ಜಪಾನಿನ ತೊಯಾಮ, ಸುಮಾರು ನಾಲ್ಕು ಲಕ್ಷ ಜನರ ಊರು. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು, ಚಳಿಗಾಲದಲ್ಲಿ ಹಿಮ. ಮನೆ ಮನೆಗೂ ಕಾರು. ಅಲ್ಲಿ ಬಂದರಿಗೆ ಹೋಗುವ ಒಂದು ಹಳೇ ರೈಲು ದಾರಿ ಇತ್ತು, 8 ಕಿ.ಮೀ. ಹತ್ತಿರ. ಅರ್ಧ ಗಂಟೆಗೋ ಗಂಟೆಗೋ ಒಂದು ರೈಲು. ಜನ ಹತ್ತುವುದು ಕಡಿಮೆಯಾಗುತ್ತಾ ಬಂದಿತ್ತು. 2006ರಲ್ಲಿ ಅದೇ ದಾರಿಯನ್ನು ಲೈಟ್ ರೈಲಾಗಿ ಮಾಡಿದರು. ಹೆಚ್ಚಿನ ಭಾಗ ಹಳೇ ಹಳಿ, ಊರೊಳಗೆ ಸ್ವಲ್ಪ ದೂರ ಮಾತ್ರ ರಸ್ತೆ ಮೇಲೆ ಹೊಸ ಹಳಿ. ಹದಿನೈದು ನಿಮಿಷಕ್ಕೊಂದು ಗಾಡಿ, ರಾತ್ರಿ ಹನ್ನೊಂದರ ತನಕ. ನಡುವೆ ಕೆಲವು ಹೊಸ ಸ್ಟಾಪು. ವಾರದ ದಿನಗಳಲ್ಲಿ ಹತ್ತುವವರ ಸಂಖ್ಯೆ ಸುಮಾರು ಎರಡರಷ್ಟಾಯಿತು. ಜಾಸ್ತಿಯಾದವರಲ್ಲಿ ಮನೆಯಿಂದ ಹೊರಗೇ ಬಾರದಿದ್ದ ವಯಸ್ಸಾದವರು ಬಹಳ ಮಂದಿ. ಈ ಮಾತು ಬರೆಯುವಾಗ ನನಗೆ ನಮ್ಮ ಬೀದಿಯ ಅಜ್ಜಿಯಂದಿರ ನೆನಪಾಗುತ್ತದೆ. ಮಗ ಕಾರು ತೆಗೆದರೆ ದೇವಸ್ಥಾನ, ಇಲ್ಲದಿದ್ದರೆ ಜಗುಲಿ.

ಇನ್ನೊಂದು ಜರ್ಮನಿಯ ಕಾರ್ಲ್ಸ್‌ರೂಹೆ, ಮೂರು ಲಕ್ಷ ಜನ, ಹೆಚ್ಚು ಕಡಿಮೆ ನಮ್ಮ ಶಿವಮೊಗ್ಗದಷ್ಟೇ. ಅಲ್ಲಿ 1992ರಲ್ಲಿ ಊರೊಳಗಿನ ಟ್ರಾಮನ್ನು ನೇರವಾಗಿ ದೊಡ್ಡ ರೈಲಿನ ಹಳಿಗೆ ಹತ್ತಿಸಿ ಪಕ್ಕದ ಬ್ರೆಟ್ಟನ್ ಊರಿನ ತನಕ ಓಡಿಸಿದರು. ಹಳ್ಳಿಯವರು ಗಾಡಿ ಬದಲಾಯಿಸದೆ ಪೇಟೆಯ ನಡುವೆ ಇಳಿಯುವಂತಾಯಿತು. ಎಕ್ಸ್‌ಪ್ರೆಸ್, ಗೂಡ್ಸ್ ಓಡುವ ಹಳಿಯ ಮೇಲೆಯೇ.

ಎರಡೂ ಊರು ಮಾಡಿದ್ದು ಒಂದೇ: ಇದ್ದದ್ದನ್ನು ಪದೇಪದೇ ಓಡಿಸಿದವು, ಜನ ಇಳಿಯುವ ಕಡೆ ನಿಲ್ಲಿಸಿದವು. ನಮಗೂ ಇದು ಹೊಸದಲ್ಲ. ತಾಳಗುಪ್ಪದ ಹಳಿ ಮೀಟರ್ ಗೇಜ್, ಅಂದರೆ ಒಂದೇ ಮೀಟರ್ ಅಗಲ, ಇದ್ದಾಗ ಅದರ ಮೇಲೆ ರೈಲ್ ಬಸ್ ಓಡುತ್ತಿತ್ತು, ನಿಮಗೂ ನೆನಪಿರಬಹುದು. ಒಂದೇ ಡಬ್ಬಿ. ನೋಡೋಕೆ ಬಸ್ಸು, ಗಾಲಿ ರೈಲಿನದ್ದು. ನಾನು ಕುಂಸಿಯ ನೆಂಟರ ಮನೆಗೆ ಅದರಲ್ಲಿ ಹೋಗಿದ್ದೇನೆ. ಕಿಟಕಿಯಿಂದ ಕೈ ಚಾಚಿದರೆ ಬಿದಿರು ಸಿಗುವಷ್ಟು ಕಾಡು, ಒಳಗೆ ಮೊಸರಿನ ಕ್ಯಾನು, ವೀಳ್ಯದೆಲೆಯ ಕಟ್ಟು, ಶಾಲೆ ಮಕ್ಕಳು. ನಿಧಾನ, ನಿಜ. ಆದರೆ ಸಣ್ಣ ದಾರಿಗೆ ಸಣ್ಣ ಗಾಡಿ ಅನ್ನುವ ಅದರ ತತ್ವ ಸರಿ ಇತ್ತು. ಅಗಲದ ಹಳಿ, ಬ್ರಾಡ್‌ಗೇಜ್, ಬಂದ ಮೇಲೆ ಉದ್ದದ ರೈಲು ಬಂದವು, ದೂರದ ಊರು ಹತ್ತಿರವಾಯಿತು. ಹತ್ತಿರದ ಊರಿನ ಮಾತು ಹಿಂದೆ ಬಿತ್ತು.

ತೊಡಕೂ ಇದೆ, ಮುಚ್ಚಿಡುವುದಿಲ್ಲ. ನಮ್ಮದು ಒಂಟಿ ಹಳಿ. ಒಂದು ರೈಲು ಭದ್ರಾವತಿ ಬಿಟ್ಟು ಶಿವಮೊಗ್ಗ ಮುಟ್ಟುವ ತನಕ ಎದುರಿನಿಂದ ಇನ್ನೊಂದು ಬರುವಂತಿಲ್ಲ. ಆ ದೂರಕ್ಕೆ 20 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಹೋಗೋಕೆ 20, ಬರೋಕೆ 20, ಸಿಗ್ನಲ್ಲಿಗೆ ಸ್ವಲ್ಪ. ಒಂದು ದಿಕ್ಕಿಗೆ ಮುಕ್ಕಾಲು ಗಂಟೆಗೊಂದಕ್ಕಿಂತ ಜಾಸ್ತಿ ರೈಲು ಬಿಡೋಕೆ ಆಗುವುದಿಲ್ಲ. ಆದರೆ ನಡುವೆ ಒಂದು ಕಡೆ ಎರಡು ರೈಲು ದಾಟಿಕೊಳ್ಳುವ ಜೋಡಿ ಹಳಿ ಇದ್ದರೆ ಆ ಮುಕ್ಕಾಲು ಗಂಟೆಯ ಅಂತರ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಒಂದಷ್ಟು ಜೋಡಿ ಹಳಿ, ನಾಲ್ಕೈದು ಸಣ್ಣ ಹಾಲ್ಟು, ಎರಡು ಮೂರು ಮೆಮು ಗಾಡಿ, ಅಂದರೆ ಎರಡೂ ತುದಿಯಿಂದ ಓಡಿಸಬಹುದಾದ ಕರೆಂಟಿನ ಲೋಕಲ್ ರೈಲು. ಹೊಸ ಲೈಟ್ ರೈಲಿನ ಮುಂದೆ ಈ ಖರ್ಚು ಬಹಳ ಸಣ್ಣದು. ಸವಳಂಗ ರಸ್ತೆ ಹಳಿಯನ್ನು ದಾಟುವ ಜಾಗದಲ್ಲಿ ಒಂದು ಹಾಲ್ಟ್ ಮಾಡಿದರೆ ನಿಮ್ಮ ಮಗಳು ಅಲ್ಲಿ ಇಳಿದು, ಅದೇ ರಸ್ತೆಯ ಬಸ್ ಹತ್ತಿ ನೇರ ನವುಲೆಗೆ ಹೋಗಬಹುದು. ಅಶೋಕ ಸರ್ಕಲ್ ತನಕ ಬಂದು ಬಸ್ ಬದಲಾಯಿಸುವ ಗೋಜೇ ಇರುವುದಿಲ್ಲ.

ಬಸ್ಸಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಅದು ಕಾಯುವ ಮಾತು. ಬಸ್ಸಿನೊಳಗೆ ಕೂತ ಹತ್ತು ನಿಮಿಷಕ್ಕಿಂತ ಸ್ಟಾಪಿನಲ್ಲಿ ನಿಂತ ಹತ್ತು ನಿಮಿಷ ಜನರಿಗೆ ಎರಡರಷ್ಟು ಉದ್ದ ಅನಿಸುತ್ತದೆ. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ ಇದು. ಸೂರಿಲ್ಲದ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತರೆ ಇನ್ನೂ ಜಾಸ್ತಿ. ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಒಂದರ ಹಿಂದೆ ಒಂದು ಮೂರು ಬಂದವು ಅಂತ ಬೈಯುತ್ತೇವೆ. ಡ್ರೈವರ್ ಬೇಕಂತ ಮಾಡುವುದಲ್ಲ ಅದು. ಮುಂದಿನ ಬಸ್ಸು ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಜಾಸ್ತಿಯಾಗುತ್ತಾರೆ, ಹತ್ತಿಸಿಕೊಳ್ಳೋಕೆ ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ರಸ್ತೆಯಲ್ಲಿ ಅಡ್ಡ ನಿಂತ ಒಂದು ಕಾರು ಇದನ್ನೆಲ್ಲ ಶುರು ಮಾಡಬಹುದು. ಅದಕ್ಕೇ ಬಿ.ಎಚ್. ರಸ್ತೆಯಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯಾದರೂ ಎಡಬದಿಯ ಪಾರ್ಕಿಂಗ್ ತೆಗೆದು ಬಸ್ಸಿಗೆ ಬಿಡಿ ಅಂತ ನಾನು ಕೇಳುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮ ಮಗಳಿಗೂ ಇಲ್ಲ. ದುಡ್ಡಿನ ಅಡ್ಡಿ ಹೋಯಿತು, ಟೈಮಿನ ಅಡ್ಡಿ ಉಳಿದಿದೆ.

ಅಂಗಡಿಯವರು ಪಾರ್ಕಿಂಗ್ ತೆಗೆದರೆ ವ್ಯಾಪಾರ ಹೋಗುತ್ತದೆ ಅಂತ ಹೆದರುತ್ತಾರೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲೂ ಇದೇ ಭಯ ಇತ್ತು. 1989ರ ಅಲ್ಲಿನ ನಗರ ಚುನಾವಣೆಯೇ ಟ್ರಾಮ್ ಬೇಕಾ, ನೆಲದಡಿಯ ಮೆಟ್ರೋ ಬೇಕಾ ಅನ್ನುವುದರ ಮೇಲೆ ನಡೆಯಿತು. 1994ರಲ್ಲಿ ಟ್ರಾಮ್ ಬಂತು, ಪೇಟೆಯ ನಡುವಿನ ಚೌಕದಿಂದ ಕಾರು ಹೊರಗೆ ಹೋಯಿತು. ಇವತ್ತು ಆ ಚೌಕದಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ಅಷ್ಟು ಜನ ನಡೆದಾಡುತ್ತಾರೆ.

ಇನ್ನು ನಿಮ್ಮ ಕಾರಿನ ವಿಷಯ. ಭದ್ರಾವತಿಯಿಂದ ನವುಲೆ, ಹೋಗಿಬರೋಕೆ ಸುಮಾರು 45 ಕಿ.ಮೀ. ಲೀಟರಿಗೆ 15 ಕೊಟ್ಟರೂ ಮೂರು ಲೀಟರ್. ಲೀಟರಿಗೆ ನೂರು ದಾಟಿರುವಾಗ ದಿನಕ್ಕೆ 300 ರೂಪಾಯಿ ಮೇಲೆ, ತಿಂಗಳಿಗೆ ಏಳೂವರೆ ಸಾವಿರ. ಕಂತು, ಇನ್ಶೂರೆನ್ಸ್, ಸರ್ವೀಸ್ ಬೇರೆ. ಅದನ್ನು ಈಗಲೇ ಮಾಡಬೇಡಿ. ಇರುವ ಕಾರನ್ನು ಮಾರಿ ಅಂತಲೂ ನಾನು ಹೇಳುವುದಿಲ್ಲ. ಟೈಮು ಹೊಂದುವ ದಿನ ಇಬ್ಬರೂ ಒಟ್ಟಿಗೆ ಹೋಗಿ. ಉಳಿದ ದಿನ ಅವಳು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರಲಿ. ಅಲ್ಲಿಂದ ನವುಲೆಗೆ ಸಿಟಿ ಬಸ್ಸಿನ ಟೈಮು ಕೈಕೊಟ್ಟರೆ, ಬಸ್‌ಸ್ಟ್ಯಾಂಡ್ ಹತ್ತಿರದ ಪಾರ್ಕಿಂಗಿನಲ್ಲಿ ಒಂದು ಸ್ಕೂಟಿ ಇಡಿ. ನನಗೆ ಗೊತ್ತಿರುವ ಎರಡು ಮೂರು ಮನೆಯವರು ಹೀಗೇ ಮಾಡಿದ್ದಾರೆ.

ಒಂದು ತಿಂಗಳು ಅವಳು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮನೆ ಬಾಗಿಲು ದಾಟಿದ ಹೊತ್ತು, ಸ್ಟಾಪಿನಲ್ಲಿ ಕಾದದ್ದು, ಸೀಟು ಸಿಕ್ಕಿತಾ ಇಲ್ಲವಾ, ಕಾಲೇಜು ಗೇಟು ಮುಟ್ಟಿದ ಹೊತ್ತು. ತಿಂಗಳು ಕಳೆದ ಮೇಲೆ ಅದರ ಒಂದು ಪ್ರತಿ ನನಗೂ ಕಳಿಸಿ. ಭದ್ರಾವತಿಯಿಂದ ಹೀಗೆ ಓಡಾಡುವ ಇನ್ನೂ ನಲವತ್ತು ಐವತ್ತು ಮಕ್ಕಳ ಪುಸ್ತಕ ಸೇರಿದರೆ, ಬೆಳಗಿನ ಲೋಕಲ್ ಎಷ್ಟು ಗಂಟೆಗೆ ಬೇಕು, ಯಾವ ಕಡೆ ಹಾಲ್ಟ್ ಬೇಕು ಅಂತ ರೈಲ್ವೆಯ ಮೈಸೂರು ವಿಭಾಗಕ್ಕೆ ನಾನೇ ಕೂತು ಅರ್ಜಿ ಬರೆಯುತ್ತೇನೆ. ಮೊದಲ ಸಹಿ ನಿಮ್ಮ ಮಗಳದ್ದಿರಲಿ.